ಎಂಜಿನ್ ಬಿಸಿ ಹಿಡಿಯದಿದ್ದರೆ: ಥರ್ಮೋಸ್ಟಾಟ್ ಕೊಳ್ಳುವ ಮೊದಲು ನಾನು ನೋಡುವುದು

ಹೀಟ್ ಆಗುವ ಗಾಡಿಯನ್ನು ಜನ ಅವತ್ತೇ ಗ್ಯಾರೇಜಿಗೆ ತರುತ್ತಾರೆ. ಹೀಟೇ ಆಗದ ಗಾಡಿಯನ್ನು ವರ್ಷಗಟ್ಟಲೆ ಓಡಿಸುತ್ತಾರೆ. ‘ಎಂಜಿನ್ ತಣ್ಣಗಿದ್ರೆ ಒಳ್ಳೇದೇ ಅಲ್ವಾ ಸಾರ್’ ಅನ್ನುವವರೇ ಹೆಚ್ಚು. ಕೊನೆಗೆ ಅವರು ಬರುವುದು ಬೇರೆಯದೇ ದೂರು ಹಿಡಿದುಕೊಂಡು: ಮೈಲೇಜ್ ಬಿದ್ದಿದೆ, ಬೆಳಗ್ಗೆ ಪಿಕಪ್ ಇಲ್ಲ, ಚೆಕ್ ಎಂಜಿನ್ ಲೈಟ್ ಹತ್ತಿದೆ, ಬಿಎಸ್6 ಡೀಸೆಲ್ ಆದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ (ಡಿಪಿಎಫ್) ಪದೇ ಪದೇ ಕಟ್ಟಿಕೊಳ್ಳುತ್ತಿದೆ. ಹಾಸನ, ಚಿಕ್ಕಮಗಳೂರು ಕಡೆ ಈ ತೊಂದರೆ ಬೇಗ ಎದ್ದು ಕಾಣುತ್ತದೆ. ಸಾವಿರ ಮೀಟರ್ ಆಸುಪಾಸಿನ ಎತ್ತರ, ಡಿಸೆಂಬರ್-ಜನವರಿಯ ಮುಂಜಾವಿನ ಚಳಿ, ಮೇಲಿಂದ ಘಾಟಿಯ ಉದ್ದುದ್ದ ಇಳಿಜಾರು. ಮಂಗಳೂರಿನ ಸೆಕೆಯಲ್ಲಿ ಮುಚ್ಚಿಹೋಗುವ ದೋಷ ಇಲ್ಲಿ ಮುಚ್ಚುವುದಿಲ್ಲ.

ಬಹುಪಾಲು ಕಾರುಗಳ ಎಂಜಿನ್ ಓಡಬೇಕಾದದ್ದು 85ರಿಂದ 100 ಡಿಗ್ರಿ ಸೆಲ್ಸಿಯಸ್ ನಡುವೆ. ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟ್ (ನಾವು ನೀರು ಅನ್ನುವುದು) ರೇಡಿಯೇಟರಿಗೆ ಹೋಗದಂತೆ ತಡೆದು, ಆಮೇಲೆ ದಾರಿ ಬಿಡುವ ವಾಲ್ವೇ ಥರ್ಮೋಸ್ಟಾಟ್. 60ರಲ್ಲೇ ಓಡುತ್ತಿದ್ದರೆ ಎಂಜಿನ್ ಇನ್ನೂ ಬಿಸಿಯಾಗಿಲ್ಲ ಎಂದುಕೊಂಡು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಪೆಟ್ರೋಲನ್ನು ಹೆಚ್ಚೇ ಸುರಿಯುತ್ತದೆ. ಆ ಹೆಚ್ಚಿನ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ಪದರವನ್ನು ತೊಳೆದುಕೊಂಡು ಕೆಳಗಿಳಿದು ಆಯಿಲಿಗೆ ಬೆರೆಯುತ್ತದೆ. ಆಯಿಲ್ ತೆಳ್ಳಗಾಗುತ್ತದೆ, ಆಯಿಲ್ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ ಮೂಸಿದರೆ ಪೆಟ್ರೋಲ್ ವಾಸನೆ. ಒಳಗಿನ ತೇವವೂ ಆವಿಯಾಗಿ ಹೋಗುವುದಿಲ್ಲ. ಆಯಿಲ್ ಹಾಕುವ ಮುಚ್ಚಳ ಬಿಚ್ಚಿದರೆ ಒಳಗಡೆ ಹಾಲಿನ ಕೆನೆಯಂಥ ಹಳದಿ ಪದರ ಕಟ್ಟಿರುತ್ತದೆ. ಇದನ್ನು ನೋಡಿದ ತಕ್ಷಣ ‘ಹೆಡ್ ಗ್ಯಾಸ್ಕೆಟ್ ಹೋಗಿದೆ’, ಅಂದರೆ ಎಂಜಿನ್ನಿನ ಮೇಲ್ಭಾಗದ (ಹೆಡ್) ಪ್ಯಾಕಿಂಗ್ ಒಡೆದು ಕೂಲೆಂಟ್ ಆಯಿಲಿಗೆ ಸೇರಿದೆ, ಅಂದುಬಿಡುವವರಿದ್ದಾರೆ. ಡಿಪ್‌ಸ್ಟಿಕ್ಕಿನ ಆಯಿಲ್ ಶುದ್ಧವಾಗಿದ್ದು, ಕೂಲೆಂಟ್ ಮಟ್ಟ ಇಳಿಯದೆ, ಮುಚ್ಚಳದಲ್ಲಿ ಮಾತ್ರ ಕೆನೆ ಇದ್ದರೆ ಹೆಡ್ ಬಿಚ್ಚುವ ಮಾತು ಆಮೇಲೆ. ಮೊದಲು ಎಂಜಿನ್ ಎಷ್ಟು ಬಿಸಿಯಾಗುತ್ತಿದೆ ಎಂದು ಅಳೆಯಬೇಕು.

ಅಳೆಯುವುದು ಅಂದೆ. ಟೆಂಪರೇಚರ್ ಮೀಟರಿನ ಮುಳ್ಳು ಕೆಳಗಿದ್ದರೆ ಎಂಜಿನ್ ತಣ್ಣಗಿದೆ ಎಂದೇ ಅರ್ಥವಲ್ಲ, ಮುಳ್ಳು ನಡುವೆ ನಿಂತಿದ್ದರೆ ಎಲ್ಲ ಸರಿಯಿದೆ ಎಂದೂ ಅಲ್ಲ. ಈಗಿನ ಡ್ಯಾಶ್‌ಬೋರ್ಡಿನ ಮುಳ್ಳನ್ನು ಕಂಪನಿಯವರು ಬೇಕೆಂದೇ ಮಂದ ಮಾಡಿರುತ್ತಾರೆ. ಸುಮಾರು 75ರಿಂದ 105ರವರೆಗೂ ಅದು ನಡುವೆಯೇ ನಿಂತಿರಬಹುದು. ಚಿಕ್ಕ ಕಾರುಗಳಲ್ಲಂತೂ ಮುಳ್ಳೇ ಇಲ್ಲ, ನೀಲಿ ದೀಪ, ಕೆಂಪು ದೀಪ ಅಷ್ಟೆ. ಹಾಗಾಗಿ ಇಸಿಯು ಒಳಗಿನ ಸಂಖ್ಯೆಗಳನ್ನು ಓದುವ ಒಬಿಡಿ ಸ್ಕ್ಯಾನರ್ ಬೇಕೇ ಬೇಕು. ಸ್ಟೀರಿಂಗ್ ಕೆಳಗಿನ 16 ಪಿನ್ ಸಾಕೆಟ್ಟಿಗೆ ಸಿಕ್ಕಿಸುವ ಅಗ್ಗದ ಬ್ಲೂಟೂತ್ ಡಾಂಗಲ್, ಫೋನಿನಲ್ಲೊಂದು ಆ್ಯಪ್ ಇದ್ದರೂ ಈ ಕೆಲಸಕ್ಕೆ ಸಾಕು. ಜೊತೆಗೆ ಒಂದು ಮಲ್ಟಿಮೀಟರ್, ಇನ್‌ಫ್ರಾರೆಡ್ ಥರ್ಮಾಮೀಟರ್.

ಮೊದಲ ಕೆಲಸ ಮಾತ್ರ ಯಾವ ಉಪಕರಣವೂ ಬೇಡದ್ದು: ಎಂಜಿನ್ ಪೂರ್ತಿ ಆರಿರುವಾಗ ರೇಡಿಯೇಟರ್ ಕ್ಯಾಪ್ ತೆಗೆದು ನೀರು ಬಾಯಿಮಟ್ಟ ಇದೆಯೇ ನೋಡುವುದು. ಪಕ್ಕದ ಬಾಟ್ಲಿ ನೋಡಿ ಸಮಾಧಾನಪಟ್ಟುಕೊಳ್ಳಬಾರದು. ಕ್ಯಾಪ್ ಹಾಳಾಗಿದ್ದರೆ ಬಾಟ್ಲಿ ತುಂಬಿದ್ದು ರೇಡಿಯೇಟರ್ ಖಾಲಿ ಇರಬಹುದು. ಇದನ್ನು ಮೊದಲಿಗೆ ಇಡುವುದಕ್ಕೆ ಕಾರಣವಿದೆ. ಟೆಂಪರೇಚರ್ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಓದುತ್ತದೆ. ನೀರು ಇಳಿದು ಸೆನ್ಸರ್ ಸುತ್ತ ಗಾಳಿ ತುಂಬಿಕೊಂಡರೆ ಎಂಜಿನ್ ಒಳಗೆ ಕುದಿಯುತ್ತಿದ್ದರೂ ಮುಳ್ಳು ಕೆಳಗೇ ಇರುತ್ತದೆ. ‘ತಣ್ಣಗಿದೆ’ ಎಂದು ತೋರುವ ಗಾಡಿಗಳಲ್ಲಿ ನಿಜಕ್ಕೂ ಅಪಾಯದ್ದು ಇದೊಂದೇ. ಮುಳ್ಳು ಮೇಲೆ ಕೆಳಗೆ ಕುಣಿಯುತ್ತಿದ್ದು, ಹೀಟರ್ ಹಾಕಿದರೆ ತಣ್ಣನೆ ಗಾಳಿ ಬರುತ್ತಿದ್ದರೆ ಅಲ್ಲೇ ಎಂಜಿನ್ ಆಫ್ ಮಾಡಿ, ಆರಿದ ಮೇಲೆ ನೀರು ನೋಡಬೇಕು. ಬಿಸಿಯಿರುವಾಗ ಕ್ಯಾಪ್ ಮುಟ್ಟಬಾರದು.

ನೀರು ಸರಿಯಿದ್ದರೆ ಮುಂದಿನದು ಒಂದು ಪ್ರಶ್ನೆ: ಈ ಗಾಡಿ ಹಿಂದೆ ಯಾವಾಗಲಾದರೂ ಹೀಟ್ ಆಗಿತ್ತೇ? ಹೌದು ಎಂಬ ಉತ್ತರ ಬಂದರೆ ಒಳಗೆ ಥರ್ಮೋಸ್ಟಾಟ್ ಇಲ್ಲದಿರುವ ಸಾಧ್ಯತೆ ಬಹಳ. ಘಾಟಿ ಹತ್ತುವಾಗ ಕುದಿಯಿತು ಎಂದು ಬಂದ ಗಾಡಿಯಿಂದ ವಾಲ್ವ್ ಕಿತ್ತು ಬಿಸಾಡಿ, ಅದು ಕೂರುವ ಗೂಡನ್ನು (ಹೌಸಿಂಗ್) ಖಾಲಿ ಕೂರಿಸಿ ಕಳಿಸುವುದು ನಮ್ಮ ಕಡೆ ಹಳೇ ಅಭ್ಯಾಸ. ‘ನಮ್ಮ ದೇಶಕ್ಕೆ ಅದು ಬೇಕಿಲ್ಲ’ ಎಂಬ ಸಮಜಾಯಿಷಿ ಬೇರೆ. ಈ ಅಭ್ಯಾಸದ ಬಗ್ಗೆ ನನಗೆ ಕಿಂಚಿತ್ತೂ ಸಹನೆಯಿಲ್ಲ, ಯಾಕೆಂದರೆ ಅದು ಹೀಟ್ ಆಗುವುದನ್ನೂ ನಿಲ್ಲಿಸುವುದಿಲ್ಲ. ಬಹಳಷ್ಟು ಥರ್ಮೋಸ್ಟಾಟ್‌ಗಳಿಗೆ ಎರಡು ತಟ್ಟೆಗಳಿರುತ್ತವೆ. ಮೇಲಿನದು ರೇಡಿಯೇಟರ್ ದಾರಿಯನ್ನು ತೆರೆಯುವಾಗ ಕೆಳಗಿನದು ಬೈಪಾಸ್ ದಾರಿಯನ್ನು, ಅಂದರೆ ರೇಡಿಯೇಟರ್ ತಪ್ಪಿಸಿ ನೀರು ಎಂಜಿನ್ನಿಗೇ ಮರಳುವ ದಾರಿಯನ್ನು, ಮುಚ್ಚುತ್ತದೆ. ಥರ್ಮೋಸ್ಟಾಟನ್ನೇ ತೆಗೆದುಹಾಕಿದರೆ ಬೈಪಾಸ್ ಸದಾ ತೆರೆದಿರುತ್ತದೆ, ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತುತ್ತದೆ. ಪರಿಣಾಮ, ಬೇಲೂರು ರಸ್ತೆಯಲ್ಲಿ ಹಾಯಾಗಿ ಓಡುವಾಗ ಎಂಜಿನ್ ಬಿಸಿಯೇ ಆಗುವುದಿಲ್ಲ, ಅದೇ ಗಾಡಿ ಕೈಮರದಿಂದ ಅತ್ತಿಗುಂಡಿ ಕಡೆ ಫುಲ್ ಲೋಡಿನಲ್ಲಿ ಹತ್ತುವಾಗ ಕುದಿಯುತ್ತದೆ. ಒಂದೇ ಗಾಡಿ ತಣ್ಣಗೂ ಓಡುತ್ತದೆ, ಹೀಟೂ ಆಗುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಹೌಸಿಂಗ್ ಬಿಚ್ಚಿ ನೋಡುತ್ತೇನೆ.

ಉಳಿದ ಗಾಡಿಗಳಿಗೆ ತಪಾಸಣೆ ಶುರುವಾಗುವುದು ಬೆಳಗ್ಗೆ, ರಾತ್ರಿಯಿಡೀ ನಿಂತಿದ್ದ ಗಾಡಿಯ ಮೇಲೆ. ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ಸ್ಕ್ಯಾನರಿನಲ್ಲಿ ಎರಡು ಸಂಖ್ಯೆ ನೋಡುತ್ತೇನೆ: ಕೂಲೆಂಟ್ ತಾಪ, ಒಳಗೆ ಹೋಗುವ ಗಾಳಿಯ ತಾಪ. ರಾತ್ರಿಯಿಡೀ ಒಂದೇ ಕಡೆ ನಿಂತಿದ್ದಾಗ ಎರಡಕ್ಕೂ ಎರಡು ಮೂರು ಡಿಗ್ರಿಗಿಂತ ಹೆಚ್ಚು ಅಂತರ ಇರಬಾರದು. ಗಾಳಿ 17, ಕೂಲೆಂಟ್ 18 ಅಂದರೆ ಸರಿ. ಗಾಳಿ 17, ಕೂಲೆಂಟ್ 5 ಅಂದರೆ ತಪ್ಪು ಸೆನ್ಸರಿನದ್ದೋ ವೈರಿನದ್ದೋ. ಮೈನಸ್ 40 ತೋರಿಸಿದರೆ ಸರ್ಕ್ಯೂಟ್ ಎಲ್ಲೋ ಕಡಿದಿದೆ.

ಆಮೇಲೆ ಸ್ಟಾರ್ಟ್ ಮಾಡಿ, ಎಸಿ ಆಫ್, ಹೀಟರ್ ಆಫ್, ನಿಮಿಷಕ್ಕೊಮ್ಮೆ ತಾಪ ಬರೆದುಕೊಳ್ಳುವುದು. ಆ್ಯಪಿನಲ್ಲಿ ಗ್ರಾಫ್ ಬಂದರೆ ಇನ್ನೂ ಒಳ್ಳೆಯದು. ಆರೋಗ್ಯವಂತ ಪೆಟ್ರೋಲ್ ಎಂಜಿನ್ನಿನ ಗೆರೆ ನೇರವಾಗಿ ಏರುತ್ತ ಥರ್ಮೋಸ್ಟಾಟ್ ತೆರೆಯುವ ತಾಪ ಮುಟ್ಟುತ್ತದೆ. ಅಲ್ಲಿ ರೇಡಿಯೇಟರಿನ ತಣ್ಣೀರು ಒಮ್ಮೆಲೇ ಒಳಬಂದು ಒಂದೆರಡು ಡಿಗ್ರಿ ಕುಸಿಯುತ್ತದೆ, ಮತ್ತೆ ಏರಿ ಸಮವಾಗುತ್ತದೆ. ಆ ಚಿಕ್ಕ ಕುಸಿತ ಕಂಡರೆ ಥರ್ಮೋಸ್ಟಾಟ್ ಬದುಕಿದೆ ಎಂದೇ ಲೆಕ್ಕ. ತೆರೆದುಕೊಂಡೇ ಕೂತ ಥರ್ಮೋಸ್ಟಾಟ್ ಇದ್ದರೆ ಗೆರೆ ಮೊದಲಿನಿಂದಲೂ ಸೋಮಾರಿ. 50 ದಾಟಿದ ಮೇಲೆ ಇನ್ನಷ್ಟು ನಿಧಾನವಾಗುತ್ತದೆ, ಕುಸಿತ ಎಲ್ಲೂ ಕಾಣುವುದಿಲ್ಲ.

ನಿಂತಲ್ಲೇ ಓಡಿಸಿ ತೀರ್ಪು ಕೊಡುವುದು ಸಾಲದು, ರಸ್ತೆಗೆ ಇಳಿಯಲೇಬೇಕು. ಹಾಸನ-ಬೇಲೂರು ರಸ್ತೆಯಂಥ ಹೆಚ್ಚು ಏರಿಳಿತವಿಲ್ಲದ ದಾರಿಯಲ್ಲಿ 60-70 ಕಿಲೋಮೀಟರ್ ವೇಗದಲ್ಲಿ ಹತ್ತು ನಿಮಿಷ ಹೋಗಿ, ಆಮೇಲೆ ರಸ್ತೆ ಬದಿಗೆ ನಿಲ್ಲಿಸಿ ಐಡ್ಲಿಂಗಿನಲ್ಲಿ ಬಿಡುತ್ತೇನೆ. ಓಡುವಾಗ ತಾಪ ಇಳಿದು, ನಿಂತಾಗ ಏರಿದರೆ ರೇಡಿಯೇಟರಿನಲ್ಲಿ ನೀರು ಹರಿಯುತ್ತಲೇ ಇದೆ, ಗಾಳಿ ಬಡಿದಷ್ಟೂ ತಣ್ಣಗಾಗುತ್ತಿದೆ ಎಂದರ್ಥ. ಇದು ತೆರೆದ ಥರ್ಮೋಸ್ಟಾಟಿನ ಪಕ್ಕಾ ಗುರುತು. ವೇಗಕ್ಕೂ ತಾಪಕ್ಕೂ ಸಂಬಂಧವೇ ಇಲ್ಲದೆ ಸಂಖ್ಯೆ ಸದಾ ಕಡಿಮೆ ಇದ್ದರೆ, ಅಥವಾ ಗುಂಡಿಗೆ ಇಳಿದಾಗ 70ರಿಂದ 40ಕ್ಕೆ ಹಾರಿದರೆ ಕೈ ಹೋಗಬೇಕಾದದ್ದು ಸೆನ್ಸರಿಗೆ. ಇಷ್ಟು ದೊಡ್ಡ ಕಬ್ಬಿಣ, ಅಲ್ಯೂಮಿನಿಯಂ, ನೀರು ಒಂದು ಸೆಕೆಂಡಿನಲ್ಲಿ 30 ಡಿಗ್ರಿ ತಣ್ಣಗಾಗಲು ಸಾಧ್ಯವೇ ಇಲ್ಲ.

ಘಾಟಿ ಇಳಿಯುವುದು ಇದಕ್ಕಿಂತ ಕಠಿಣ ಪರೀಕ್ಷೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ, ಸಕಲೇಶಪುರ ದಾಟಿ ಶಿರಾಡಿ ಇಳಿಯುವಾಗ ಗಾಡಿ ಗೇರಿನಲ್ಲೇ ಇದ್ದು ಆಕ್ಸಿಲರೇಟರ್ ಬಿಟ್ಟಿರುತ್ತೇವೆ. ಇಂಜೆಕ್ಷನ್ ಎಂಜಿನ್ ಆ ಹೊತ್ತಿನಲ್ಲಿ ಇಂಧನವನ್ನೇ ನಿಲ್ಲಿಸುತ್ತದೆ. ಬಿಸಿ ಹುಟ್ಟುವುದಿಲ್ಲ, ಪಂಪ್ ಮಾತ್ರ ನೀರು ತಿರುಗಿಸುತ್ತಿರುತ್ತದೆ. ಥರ್ಮೋಸ್ಟಾಟ್ ಸರಿಯಿದ್ದರೆ ಅದು ಮುಚ್ಚಿಕೊಂಡು ಬಿಸಿಯನ್ನು ಹಿಡಿದಿಡುತ್ತದೆ, ತಾಪ ನಿಧಾನವಾಗಿ ಅಷ್ಟಿಷ್ಟು ಇಳಿಯಬಹುದು. ಅರ್ಧಂಬರ್ಧ ಮುಚ್ಚುವ ಥರ್ಮೋಸ್ಟಾಟ್ ಇದ್ದರೆ ನಾಲ್ಕೈದು ತಿರುವಿನೊಳಗೆ ತಾಪ 60ರ ಕೆಳಗೆ ಜಾರುತ್ತದೆ. ಊರೊಳಗೆ ಸರಿಯೆಂದು ಕಂಡು, ಘಾಟಿಯಲ್ಲಿ ಮಾತ್ರ ಸಿಕ್ಕಿಬೀಳುವುದು ಇಂಥವೇ. ಒಂದು ಎಚ್ಚರಿಕೆ: ಸ್ಕ್ಯಾನರ್ ನೋಡಲು ಪಕ್ಕದಲ್ಲೊಬ್ಬರು ಕೂತಿರಲಿ. ಚಾಲಕ ಫೋನ್ ನೋಡುವ ಜಾಗವಲ್ಲ ಅದು.

ಡೀಸೆಲ್ ಗಾಡಿಗೆ ಈ ಲೆಕ್ಕಗಳನ್ನು ಸ್ವಲ್ಪ ಸಡಿಲಿಸಬೇಕು. ಈಗಿನ ಚಿಕ್ಕ ಕಾಮನ್ ರೇಲ್ ಡೀಸೆಲ್‌ಗಳು ಐಡ್ಲಿಂಗಿನಲ್ಲಿ ಎಷ್ಟು ಕಡಿಮೆ ಬಿಸಿ ಹುಟ್ಟಿಸುತ್ತವೆ ಅಂದರೆ, ಚಳಿಯ ಬೆಳಗ್ಗೆ ಅರ್ಧ ಗಂಟೆ ನಿಂತಲ್ಲೇ ಓಡಿಸಿದರೂ 80 ಮುಟ್ಟದಿರಬಹುದು. ಅದು ದೋಷವಲ್ಲ. ಡೀಸೆಲ್ ತೀರ್ಪು ರಸ್ತೆಯ ಮೇಲೆ, ಲೋಡಿನಲ್ಲಿ ಮಾತ್ರ.

ಸ್ಕ್ಯಾನರ್ ಇಲ್ಲದವರಿಗೆ ಹೋಸ್ ಮುಟ್ಟಿ ನೋಡುವುದಿದೆ. ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ, ಫ್ಯಾನಿಗೆ ಕೈ ಸಿಗದಂತೆ ನೋಡಿಕೊಂಡು, ರೇಡಿಯೇಟರಿನ ಮೇಲಿನ ಹೋಸ್ ಹಿಡಿಯಬೇಕು. ಎಂಜಿನ್ ಬಿಸಿಯಾಗುವವರೆಗೂ ಅದು ತಣ್ಣಗಿದ್ದು, ಆಮೇಲೆ ಥಟ್ಟನೆ ಕೈ ಇಡಲಾಗದಷ್ಟು ಬಿಸಿಯಾದರೆ ಸರಿ. ಮೊದಲ ನಿಮಿಷದಿಂದಲೇ ಎಂಜಿನ್ ಜೊತೆಗೆ ಬೆಚ್ಚಗಾಗುತ್ತ ಬಂದರೆ ಥರ್ಮೋಸ್ಟಾಟ್ ಮುಚ್ಚುತ್ತಿಲ್ಲ. ಇಲ್ಲಿ ಅನೇಕರು ಎಡವುವುದು ಒಂದು ಕಡೆ: ಎಲ್ಲ ಎಂಜಿನ್ನಿನಲ್ಲೂ ಥರ್ಮೋಸ್ಟಾಟ್ ಮೇಲಿನ ಹೋಸಿನ ಬುಡದಲ್ಲಿ ಇರುವುದಿಲ್ಲ. ನೀರು ಎಂಜಿನ್ನಿಗೆ ಒಳಬರುವ ಕಡೆ, ವಾಟರ್ ಪಂಪ್ ಹತ್ತಿರ, ಕೆಳಗಿನ ಹೋಸಿನ ತುದಿಯಲ್ಲಿ ಕೂರಿಸಿದ ಎಂಜಿನ್‌ಗಳೂ ಬಹಳ ಇವೆ. ಅಂಥದ್ದರಲ್ಲಿ ಮೇಲಿನ ಹೋಸ್ ಬೇಗ ಬಿಸಿಯಾಗುವುದು ಸಹಜ, ಮುಟ್ಟಿ ನೋಡಬೇಕಾದದ್ದು ಕೆಳಗಿನದನ್ನು. ಹೌಸಿಂಗ್ ಎಲ್ಲಿದೆ ಎಂದು ಕಣ್ಣಾರೆ ಹುಡುಕಿದ ಮೇಲೆ ಹೋಸ್ ಹಿಡಿಯಿರಿ.

ಇನ್ನೂ ಅನುಮಾನವಿದ್ದರೆ ರಟ್ಟು. ರೇಡಿಯೇಟರಿನ ಮುಂದೆ ಅರ್ಧ ಭಾಗ ಮುಚ್ಚುವಷ್ಟು ದಪ್ಪ ರಟ್ಟು ಇಟ್ಟು ಅದೇ ಸಮತಟ್ಟು ರಸ್ತೆಯಲ್ಲಿ ಮತ್ತೆ ಓಡಿಸುವುದು. 62ರಲ್ಲಿ ನಿಂತಿದ್ದ ತಾಪ 80 ಕಡೆಗೆ ಏರಿದರೆ ಬಿಸಿ ರೇಡಿಯೇಟರಿನಲ್ಲೇ ಸೋರಿಹೋಗುತ್ತಿತ್ತು ಎಂಬುದು ಖಾತ್ರಿ. ಸೆನ್ಸರ್ ದೋಷವಾಗಿದ್ದರೆ ಇಷ್ಟು ಬದಲಾಗುತ್ತಿರಲಿಲ್ಲ. ಪರೀಕ್ಷೆ ಮುಗಿದ ಮೇಲೆ ರಟ್ಟು ತೆಗೆದುಬಿಡಬೇಕು. ಹಳೇ ಲಾರಿಯವರು ಚಳಿಗಾಲವಿಡೀ ಬಿಡುತ್ತಿದ್ದರು ಎಂದು ನೀವೂ ಬಿಟ್ಟರೆ ಮೊದಲ ಏರಿನಲ್ಲೇ ಎಂಜಿನ್ ಕುದಿಯುತ್ತದೆ.

ಫ್ಯಾನ್ ಬಗ್ಗೆ ಒಂದು ಮಾತು. ‘ಫ್ಯಾನ್ ಸದಾ ತಿರುಗುತ್ತೆ, ಅದಕ್ಕೇ ತಣ್ಣಗಿದೆ’ ಎಂಬ ತೀರ್ಮಾನ ಪೂರ್ತಿ ಸರಿಯಲ್ಲ. ಥರ್ಮೋಸ್ಟಾಟ್ ಮುಚ್ಚಿದ್ದರೆ ರೇಡಿಯೇಟರಿಗೆ ನೀರೇ ಹೋಗುವುದಿಲ್ಲ, ಫ್ಯಾನ್ ಎಷ್ಟು ತಿರುಗಿದರೂ ಎಂಜಿನ್ 60ಕ್ಕೆ ಇಳಿಯುವುದಿಲ್ಲ. ಫ್ಯಾನ್ ಆನ್-ಆಫ್ ಮಾಡುವ ರಿಲೇ ಅಂಟಿಕೊಂಡಿದ್ದರೂ ಜೊತೆಗೆ ಥರ್ಮೋಸ್ಟಾಟ್ ದೋಷ ಇದ್ದೇ ಇರುತ್ತದೆ. ಇನ್ನು ಸೆನ್ಸರ್ ಸಂಪರ್ಕ ಕಡಿದರೆ ಅನೇಕ ಇಸಿಯುಗಳು ಸುರಕ್ಷತೆಗೆಂದು ಫ್ಯಾನನ್ನು ಸದಾ ಓಡಿಸುತ್ತವೆ. ಅಲ್ಲಿ ಎರಡು ಲಕ್ಷಣಕ್ಕೂ ಮೂಲ ಒಂದೇ ಕಪ್ಲರ್ (ಸೆನ್ಸರಿಗೆ ವೈರ್ ಸೇರಿಸುವ ಪ್ಲಗ್).

ಸೆನ್ಸರ್ ಪರೀಕ್ಷೆಗೆ ಬರೋಣ, ನಮ್ಮ ಮಳೆಯೂರುಗಳಲ್ಲಿ ಇದು ಥರ್ಮೋಸ್ಟಾಟಿನಷ್ಟೇ ಮುಖ್ಯ. ಬಿಸಿಯಾದಷ್ಟೂ ಈ ಸೆನ್ಸರಿನ ರೆಸಿಸ್ಟೆನ್ಸ್ ಇಳಿಯುತ್ತದೆ. ಬಹಳ ಕಾರುಗಳಲ್ಲಿ ಬರುವ ಬಾಷ್ ಮಾದರಿಯದ್ದಾದರೆ 20 ಡಿಗ್ರಿಯಲ್ಲಿ ಸುಮಾರು 2,500 ಓಮ್, 80ರಲ್ಲಿ ಸುಮಾರು 320, 100ರಲ್ಲಿ ಸುಮಾರು 186. ಈಗ ಕಪ್ಲರಿನ ಪಿನ್ನಿಗೆ ಹಸಿರು ಕಿಲುಬು ಹಿಡಿದು 200 ಓಮ್ ಹೆಚ್ಚುವರಿ ಸೇರಿತು ಅಂದುಕೊಳ್ಳಿ. ಬೆಳಗ್ಗೆ 2,500 ಇದ್ದದ್ದು 2,700 ಆಗುತ್ತದೆ, ವ್ಯತ್ಯಾಸ ಎರಡು ಡಿಗ್ರಿ, ಯಾರಿಗೂ ಗೊತ್ತಾಗುವುದಿಲ್ಲ. ಅದೇ ಎಂಜಿನ್ 80ಕ್ಕೆ ಬಂದಾಗ 320 ಇದ್ದದ್ದು 520 ಆಗಿ ಇಸಿಯು ಅದನ್ನು 65 ಡಿಗ್ರಿ ಎಂದು ಓದುತ್ತದೆ. ತಣ್ಣಗಿರುವಾಗ ಸರಿ, ಬಿಸಿಯಾದಾಗ ತಪ್ಪು. ಇದನ್ನು ನೋಡಿ ಥರ್ಮೋಸ್ಟಾಟ್ ದೋಷವೆಂದು ಹೊಸದು ಹಾಕಿಸಿಕೊಂಡವರ ದುಡ್ಡು ದಂಡ. ಆದ್ದರಿಂದ ಬೆಳಗಿನ ಹೋಲಿಕೆಯಲ್ಲಿ ಪಾಸಾದ ಸೆನ್ಸರನ್ನೂ ಬಿಸಿಯಲ್ಲಿ ಮತ್ತೊಮ್ಮೆ ಅಳೆಯಬೇಕು: ಇನ್‌ಫ್ರಾರೆಡ್ ಥರ್ಮಾಮೀಟರನ್ನು ಸೆನ್ಸರ್ ಪಕ್ಕದ ಲೋಹಕ್ಕೆ ಹಿಡಿದು ಸ್ಕ್ಯಾನರಿನ ಸಂಖ್ಯೆಯ ಜೊತೆ ಹೋಲಿಸುವುದು. ಹೊಳೆಯುವ ಅಲ್ಯೂಮಿನಿಯಂ ಮೇಲೆ ಈ ಥರ್ಮಾಮೀಟರ್ ಬಹಳ ಕಡಿಮೆ ತೋರಿಸುತ್ತದೆ. ಅಲ್ಲೊಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಅದರ ಮೇಲೆ ಅಳೆಯಿರಿ, ಇಲ್ಲವೇ ಹೋಸಿನ ರಬ್ಬರ್ ಮೇಲೆ. ಐದಾರು ಡಿಗ್ರಿ ಅಂತರ ಸಹಜ, 15-20 ಇದ್ದರೆ ಸೆನ್ಸರ್ ಕಡೆ ಸುಳ್ಳಿದೆ.

ವೈರಿಂಗ್ ನೋಡುವುದು ಸುಲಭ. ಕಪ್ಲರ್ ಕಿತ್ತರೆ ಸ್ಕ್ಯಾನರ್ ಮೈನಸ್ 40 ತೋರಿಸಬೇಕು, ಕಪ್ಲರಿನ ಎರಡು ತುದಿಯನ್ನು ಚಿಕ್ಕ ವೈರಿನಿಂದ ಸೇರಿಸಿದರೆ 130ಕ್ಕೂ ಮೇಲೆ ಜಿಗಿಯಬೇಕು. ಎರಡೂ ಆದರೆ ವೈರ್ ಮತ್ತು ಇಸಿಯು ಹೆಚ್ಚುಕಡಿಮೆ ಸರಿ, ಸೆನ್ಸರ್ ಅಥವಾ ಪಿನ್ನು ಬದಲಿಸಿ. ತೋಟದ ಶೆಡ್ಡಿನಲ್ಲಿ ನಿಲ್ಲುವ ಗಾಡಿಯಾದರೆ ವೈರನ್ನು ಉದ್ದಕ್ಕೂ ಕೈಯಾಡಿಸಿ ನೋಡಿ, ಇಲಿ ಕಡಿದು ಅರ್ಧ ಎಳೆ ಉಳಿದಿರುವುದು ಅಪರೂಪವಲ್ಲ. ಹಳೇ ಗಾಡಿಗಳಲ್ಲಿ ಮೀಟರಿನ ಮುಳ್ಳಿಗೆ ಒಂದೇ ವೈರಿನ ಬೇರೆ ಸೆಂಡರ್, ಇಸಿಯುಗೆ ಎರಡು ಪಿನ್ನಿನ ಬೇರೆ ಸೆನ್ಸರ್ ಇರುತ್ತದೆ. ಸ್ಕ್ಯಾನರಿನಲ್ಲಿ 90, ಮುಳ್ಳು ಮಾತ್ರ ಕೆಳಗೆ ಎಂದಾದರೆ ಎಂಜಿನ್ ಮುಟ್ಟುವ ಅಗತ್ಯವೇ ಇಲ್ಲ.

ಸ್ಕ್ಯಾನರಿನಲ್ಲಿ ಪಿ0128 ಎಂಬ ದೋಷದ ಕೋಡ್ ಬಂದಿದೆ ಎಂದು ನೇರ ಥರ್ಮೋಸ್ಟಾಟ್ ಬದಲಿಸುವವರಿಗೆ: ಇಷ್ಟು ಹೊತ್ತು ಓಡಿದ ಎಂಜಿನ್ ಇಷ್ಟು ಬಿಸಿಯಾಗಬೇಕಿತ್ತು, ಆಗಿಲ್ಲ ಎಂಬುದಷ್ಟೇ ಆ ಕೋಡಿನ ಮಾತು. ನೀರು ಕಡಿಮೆಯಿದ್ದರೂ ಅದು ಬರುತ್ತದೆ, ಕಿಲುಬಿದ್ದರೂ ಬರುತ್ತದೆ. ಪಿ0118 ಬಂದರೆ ಸೆನ್ಸರ್ ಸರ್ಕ್ಯೂಟ್ ಕಡಿದ ಕಡೆ ಹುಡುಕಿ. ಪಿ0597ರಿಂದ ಪಿ0599ರವರೆಗಿನವು ಬಂದರೆ ಅದು ಒಳಗೇ ವಿದ್ಯುತ್ ಹೀಟರ್ ಇರುವ ಥರ್ಮೋಸ್ಟಾಟ್, ಕೆಳಗೆ ಹೇಳುವ ಪಾತ್ರೆ ಪರೀಕ್ಷೆ ಅದಕ್ಕೆ ಸಾಲುವುದಿಲ್ಲ.

ಎಲ್ಲ ಬೆರಳೂ ಥರ್ಮೋಸ್ಟಾಟ್ ಕಡೆ ತೋರಿದ ಮೇಲೆ ಬಿಚ್ಚುವುದು. ಎಂಜಿನ್ ಆರಿರಬೇಕು. ಕೆಳಗೊಂದು ಟಬ್ ಇಟ್ಟು ಕೂಲೆಂಟ್ ಹಿಡಿಯಿರಿ, ನೆಲಕ್ಕೆ ಬಿಡಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ನೆಕ್ಕಿದರೆ ಸಾಯುತ್ತದೆ. ಸಾಮಾನ್ಯವಾಗಿ ಹತ್ತರ ಸ್ಪ್ಯಾನರಿನ ಎರಡು ಮೂರು ಬೋಲ್ಟು. ಹೊರಬಂದ ವಾಲ್ವನ್ನು ಬೆಳಕಿಗೆ ಹಿಡಿದರೆ ತಟ್ಟೆಯ ಸುತ್ತ ಬೆಳಕು ಕಾಣಬಾರದು. ತುಕ್ಕಿನ ಚೂರು, ಗ್ಯಾಸ್ಕೆಟ್ ಪೇಸ್ಟಿನ ತುಣುಕು, ಬೋರ್‌ವೆಲ್ ನೀರಿನ ಬಿಳಿ ಸುಣ್ಣದ ಪದರ ತಟ್ಟೆಯ ಕೆಳಗೆ ಸಿಕ್ಕಿ ಮುಚ್ಚದಂತೆ ಮಾಡಿರುವುದು ಮಾಮೂಲು. ಅರಸೀಕೆರೆ, ಕಡೂರು ಕಡೆಯ ಗಡಸು ನೀರು ಕುಡಿದ ರೇಡಿಯೇಟರುಗಳಲ್ಲಿ ಇದು ಹೆಚ್ಚು. ಅಂಚಿನ ಮೇಲೆ ಒತ್ತಿರುವ ಸಂಖ್ಯೆಯನ್ನೂ ಓದಿ. 88ರ ಜಾಗದಲ್ಲಿ ಯಾರೋ 76ರದ್ದು ಹಾಕಿದ್ದರೆ ವಾಲ್ವ್ ಸರಿಯಾಗೇ ಕೆಲಸ ಮಾಡುತ್ತಿದೆ, ಆಯ್ಕೆ ತಪ್ಪು.

ಪಾತ್ರೆ ಪರೀಕ್ಷೆಗೆ ವಾಲ್ವಿನ ತಟ್ಟೆಯ ಸಂದಿಗೆ ನೂಲು ಸಿಕ್ಕಿಸಿ, ತಳ ಮುಟ್ಟದಂತೆ ನೀರಿನಲ್ಲಿ ಇಳಿಬಿಡುತ್ತೇನೆ, ಪಕ್ಕದಲ್ಲಿ ಥರ್ಮಾಮೀಟರ್. ಸಣ್ಣ ಉರಿ, ನೀರು ಕಲಕುತ್ತಿರಬೇಕು. ತೆರೆಯತೊಡಗಿದ ಕ್ಷಣ ನೂಲು ಸಡಿಲಾಗಿ ವಾಲ್ವ್ ಕೆಳಗೆ ಬೀಳುತ್ತದೆ, ಆಗಿನ ತಾಪವೇ ಅದು ತೆರೆಯುವ ತಾಪ. ಒತ್ತಿರುವ ಸಂಖ್ಯೆಗಿಂತ ಎರಡು ಮೂರು ಡಿಗ್ರಿ ಆಚೀಚೆ ಪರವಾಗಿಲ್ಲ. ಪೂರ್ತಿ ತೆರೆಯಲು ಅಲ್ಲಿಂದ ಮುಂದೆ ಇನ್ನೂ 10-15 ಡಿಗ್ರಿ ಬೇಕು, ಇಲ್ಲಿ ನಮ್ಮ ಎತ್ತರ ಅಡ್ಡ ಬರುತ್ತದೆ. ಪ್ರತಿ 300 ಮೀಟರಿಗೆ ನೀರು ಕುದಿಯುವ ತಾಪ ಸುಮಾರು ಒಂದು ಡಿಗ್ರಿ ಇಳಿಯುವುದರಿಂದ, 1,090 ಮೀಟರ್ ಎತ್ತರದ ಚಿಕ್ಕಮಗಳೂರಿನಲ್ಲಿ ತೆರೆದ ಪಾತ್ರೆಯ ನೀರು 96ರ ಸುಮಾರಿಗೇ ಕುದಿಯುತ್ತದೆ, ಎಷ್ಟು ಉರಿ ಹಾಕಿದರೂ ಮೇಲೆ ಹೋಗುವುದಿಲ್ಲ. ಹಾಗಾಗಿ 88ರ ವಾಲ್ವ್ ಇಲ್ಲಿನ ಪಾತ್ರೆಯಲ್ಲಿ ಪೂರ್ತಿ ತೆರೆಯದಿದ್ದರೆ ಅದನ್ನು ಬಿಸಾಡಬೇಡಿ. ಗಾಡಿಯೊಳಗೆ ಕ್ಯಾಪಿನ ಒತ್ತಡವಿದೆ, ಅಲ್ಲಿ ತೊಂದರೆಯಿಲ್ಲ. ನಮಗೆ ಬೇಕಾದ ಉತ್ತರ ಬೇರೆ: ನೀರು ಆರುತ್ತ ಬಂದಂತೆ ಅದು ಪೂರ್ತಿ ಮುಚ್ಚುತ್ತದೆಯೇ? ಒಮ್ಮೆ ಚೆನ್ನಾಗಿ ಕುದಿದ ಎಂಜಿನ್ನಿನ ವಾಲ್ವ್ ಈ ಪರೀಕ್ಷೆ ಪಾಸಾದರೂ ನಾನು ಮತ್ತೆ ಹಾಕುವುದಿಲ್ಲ.

ಹೊಸದನ್ನು ಕೂರಿಸುವಾಗ ಸ್ಪ್ರಿಂಗ್ ಎಂಜಿನ್ ಕಡೆಗೆ, ಗಾಳಿ ಬಿಡುವ ಸಣ್ಣ ಪಿನ್ ಇರುವ ತೂತು ಮೇಲ್ಗಡೆಗೆ. ಹಳೇ ಪ್ಯಾಕಿಂಗ್ ಪೂರ್ತಿ ಕೆರೆದು ಹೊಸ ಪ್ಯಾಕಿಂಗ್ ಅಥವಾ ಓ-ರಿಂಗ್. ರಬ್ಬರ್ ರಿಂಗ್ ಇದ್ದಲ್ಲಿ ಪೇಸ್ಟ್ ಬೇಡ. ಅಲ್ಯೂಮಿನಿಯಂ ಮರೆಗೆ (ಬೋಲ್ಟು ಕೂರುವ ಥ್ರೆಡ್ಡಿಗೆ) 8-10 ನ್ಯೂಟನ್ ಮೀಟರ್ ಬಿಗಿ ಸಾಕು, ಉದ್ದ ಸ್ಪ್ಯಾನರಿನ ತುದಿ ಹಿಡಿದು ಎಳೆದರೆ ಮರೆ ಕಿತ್ತು ಬರುತ್ತದೆ. ಕಾನ್ಸಂಟ್ರೇಟ್ ಕೂಲೆಂಟ್ ಆದರೆ ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ, ಸಾಮಾನ್ಯವಾಗಿ ಅರ್ಧಕ್ಕರ್ಧ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಬೆರೆಸಿ. ರೆಡಿ ಮಿಕ್ಸ್ ಆದರೆ ಹಾಗೇ ಹಾಕಿ.

ಏರ್ ಲಾಕ್ (ನೀರಿನ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿ) ತೆಗೆಯಲು ಇಳಿಜಾರಿಗೆ ಬರವಿಲ್ಲದ ಊರು ನಮ್ಮದು. ಗಾಡಿಯ ಮೂತಿ ಮೇಲ್ಮುಖವಾಗಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಕ್ಯಾಪ್ ತೆಗೆದಿಟ್ಟೇ ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ. ಬ್ಲೀಡ್ ಸ್ಕ್ರೂ ಇದ್ದರೆ ಗುಳ್ಳೆ ನಿಂತು ಬರಿಯ ನೀರು ಬರುವವರೆಗೆ ತೆರೆದಿಡಿ. ಮಟ್ಟ ಇಳಿದಂತೆ ತುಂಬಿಸುತ್ತ ಹೋಗಿ, ಗುಳ್ಳೆ ನಿಂತ ಮೇಲೆ ಕ್ಯಾಪ್ ಹಾಕಿ. ಫ್ಯಾನ್ ಎರಡು ಸಲ ಆನ್ ಆಗಿ ಆಫ್ ಆಗುವವರೆಗೆ ಓಡಿಸಿ. ಹೀಟರಿನ ಗಾಳಿ ಮುಖಕ್ಕೆ ಸಹಿಸಲಾಗದಷ್ಟು ಬಿಸಿ ಬರುತ್ತಿರಬೇಕು. ಮರುದಿನ ತಣ್ಣಗಿರುವಾಗ ಮತ್ತೊಮ್ಮೆ ಮಟ್ಟ ನೋಡಿ, ಕಾಲು ಲೀಟರಾದರೂ ಹಿಡಿಸುತ್ತದೆ.

ಕೋಡ್ ಅಳಿಸಿ ಅದೇ ಬೇಲೂರು ರಸ್ತೆಯಲ್ಲಿ ಮತ್ತೆ ಗ್ರಾಫ್ ತೆಗೆಯಿರಿ, ಆ ಒಂದೆರಡು ಡಿಗ್ರಿಯ ಕುಸಿತ ಈಗ ಕಾಣಬೇಕು. ಗಾಡಿ ತಿಂಗಳುಗಟ್ಟಲೆ ತಣ್ಣಗೆ ಓಡಿದ್ದರೆ ಎಂಜಿನ್ ಆಯಿಲ್ ಮತ್ತು ಫಿಲ್ಟರನ್ನೂ ಬದಲಿಸಿ, ಕಿಲೋಮೀಟರ್ ಇನ್ನೂ ಬಾಕಿ ಇದ್ದರೂ. ಡಿಪಿಎಫ್ ಇರುವ ಡೀಸೆಲ್ ಆದರೆ ಆಯಿಲ್ ಮಟ್ಟ ಮೇಲಿನ ಗೆರೆ ದಾಟಿದೆಯೇ ನೋಡಿ. ಕಟ್ಟಿಕೊಂಡ ಮಸಿಯನ್ನು ಡಿಪಿಎಫ್ ಸುಟ್ಟು ಶುಚಿ ಮಾಡಿಕೊಳ್ಳುವುದೇ ರೀಜನರೇಷನ್. ಅರ್ಧಕ್ಕೆ ನಿಂತ ರೀಜನರೇಷನ್‌ಗಳ ಡೀಸೆಲ್ ಆಯಿಲಿಗೆ ಇಳಿದು ಮಟ್ಟ ಏರಿರುತ್ತದೆ. ಅಂಥ ಆಯಿಲನ್ನು ಮೊದಲು ಬದಲಿಸಿ, ಆಮೇಲೆ ರೀಜನರೇಷನ್ ಪೂರ್ತಿಯಾಗುವಷ್ಟು ಉದ್ದ ಒಂದು ಓಟ ಓಡಿಸಿ.